ಇದೊಂದು ಮುಗೀಲಿ

ಊರಿನ ಬಸ್ ನಿಲ್ದಾಣಕ್ಕೆ ಒಂದು ಸಲ ಕಾಲಿಟ್ಟವರಿಗೂ ಮೈಕಮ್ಮನ ದನಿ ಗೊತ್ತು. ಮುಖ ನೋಡಿದವರು ಮಾತ್ರ ಕಡಿಮೆ. ದೊಡ್ಡ ಗಡಿಯಾರದ ಕೆಳಗೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ, ಅದರೊಳಗೆ ಒಂದು ಕುರ್ಚಿ, ಕುರ್ಚಿಯ ಮುಂದೆ ಬಾಗಿದ ಕತ್ತಿನ ಮೈಕು, ಮೈಕಿನ ಹಿಂದೆ ಅವಳು. ಬೆಳಿಗ್ಗೆ ಬಂದು ಕೂತಳೆಂದರೆ ನಿಲ್ದಾಣ ಅವಳ ಮಾತಿನಂತೆ ನಡೆಯುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ. ಹಳೇ ಸೇತುವೆ, ದೊಡ್ಡಾಸ್ಪತ್ರೆ ಮಾರ್ಗವಾಗಿ ಸಮುದ್ರ ದಂಡೆಗೆ ಹೋಗುವ ಬಸ್ಸು ಮೂರನೇ ಪ್ಲಾಟ್‌ಫಾರಂನಲ್ಲಿ ಹೊರಡಲು ಸಿದ್ಧವಾಗಿದೆ. ನೀಲಿ ಚೀಲದವರೇ, ಬಸ್ ಹತ್ತೋ ಗಡಿಬಿಡೀಲಿ ಚೀಲ ಬೆಂಚಿನ ಮೇಲೇ ಬಿಟ್ರಿ. ಹಾಂ, ನೀವೇ. ಬನ್ನಿ, ತಗೊಳ್ಳಿ."

ಅದೆಂಥ ದನಿ ಅಂತೀರಿ! ಗಂಟೆ ಹೊಡೆದ ಹಾಗೆ ಖಣಖಣ. ಕೆಟ್ಟು ನಿಂತ ಬಸ್ಸು ಕೂಡ ಮೈಕಮ್ಮ ಕರೆದರೆ ಶುರುವಾಗುತ್ತದೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು.

ಇದೇ ಮೈಕಮ್ಮ ಸಂಜೆ ಮನೆಯ ಹೊಸ್ತಿಲು ದಾಟಿದಳೋ, ಬಾಯಿಗೆ ಬೀಗ. ಅವಳೊಬ್ಬಳದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಇಡೀ ಮನೆಯ ಬಾಯಿಗೇ ಬೀಗ. ಯಾಕೆಂದರೆ ಮೈಕಮ್ಮ ಓದುತ್ತಿದ್ದಳು. ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿದ ಒಂದು ಮೇಜು, ಮೇಜಿನ ಮೇಲೆ ದಿಂಬಿನಷ್ಟು ದಪ್ಪದ ಗೈಡು. ಅವಳು ಅದರ ಮುಂದೆ ಕೂತಳೆಂದರೆ ಆ ಮನೆಯಲ್ಲಿ ಚಮಚ ಕೂಡ ತಟ್ಟೆಗೆ ತಾಗುವ ಮುಂಚೆ ಯೋಚನೆ ಮಾಡಬೇಕಿತ್ತು.

ಗಂಡ ದರ್ಜಿ. ಮುಂದಿನ ಕೋಣೆಯೇ ಅವನ ಅಂಗಡಿ. ಹೆಂಡತಿ ಡ್ಯೂಟಿಯಲ್ಲಿದ್ದಾಗ ಮಾತ್ರ ಮೆಷಿನ್ ತುಳಿಯುವುದು. ಅವಳು ಬಂದಮೇಲೆ ಗುಂಡಿ, ಕಾಜಾ, ಕೈಹೊಲಿಗೆ. ಅಳತೆ ಕೊಡಲು ಬಂದ ಗಿರಾಕಿಗಳ ಹತ್ತಿರವೂ ಅವನದು ಪಿಸುಮಾತೇ. "ಸೊಂಟ ಸ್ವಲ್ಪ ಬಿಗಿ ಮಾಡ್ಲಾ?" ಎಂದು ಅವನು ಕಿವಿಯ ಹತ್ತಿರ ಬಂದು ಉಸುರಿದರೆ ಹೊಸಬರು ಬೆಚ್ಚಿಬೀಳುತ್ತಿದ್ದರು. ಹಳಬರು ಒಳಗೆ ಯಾರಿಗೋ ಹುಷಾರಿಲ್ಲ ಎಂದುಕೊಂಡು, "ಈಗ ಹೇಗಿದ್ದಾರೆ?" ಎಂದು ತಾವೂ ಪಿಸುಗುಟ್ಟಿ ಹೋಗುತ್ತಿದ್ದರು.

ಅತ್ತೆಗೆ ಕಿವಿ ಮಂದ. ಪಿಸುಗುಟ್ಟುವ ಮನೆಯಲ್ಲಿ ಕಿವಿ ಮಂದದ ಮುದುಕಿಯ ಪಾಡೇನು, ನೀವೇ ಹೇಳಿ. ಪಾಪ, ಎಲ್ಲರ ತುಟಿ ನೋಡಿ ನಗುವುದು, ಅಂದಾಜಿನ ಮೇಲೆ ತಲೆಯಾಡಿಸುವುದು. ಮೊಮ್ಮಗಳು ತೊಟ್ಟಿಲಲ್ಲಿ ಅತ್ತದ್ದು ಆಕೆಗೆ ಕೇಳಿಸಿತ್ತು. ಆಮೇಲೆ ಆ ಮಗುವಿನ ದನಿ ಹೇಗಿದೆ ಎಂದೇ ಆಕೆಗೆ ಗೊತ್ತಿರಲಿಲ್ಲ.

ಮನೆಯಲ್ಲೊಂದು ಹಳದಿ ಟವೆಲ್ ಇತ್ತು. ಮೇಜಿನ ಪಕ್ಕದ ಮೊಳೆಗೆ ತೂಗುಹಾಕಿರುತ್ತಿದ್ದರು. ಮೈಕಮ್ಮನನ್ನು ಕರೆಯಬೇಕೆಂದರೆ ಯಾರೂ ಕೂಗುವ ಹಾಗಿಲ್ಲ, ಆ ಟವೆಲ್ ತೆಗೆದು ಅವಳ ಕಣ್ಣಂಚಿಗೆ ಬೀಳುವಂತೆ ಬೀಸಬೇಕು. ಅವಳು ಒಂದು ಬೆರಳೆತ್ತಿದರೆ "ತಡಿ, ಈ ಪುಟ ಮುಗೀಲಿ" ಎಂದರ್ಥ. ಊಟಕ್ಕೂ ಅದೇ ಟವೆಲ್, ಫೋನಿಗೂ ಅದೇ ಟವೆಲ್, ಬಾಗಿಲಿಗೆ ನೆಂಟರು ಬಂದರೂ ಅದೇ ಟವೆಲ್.

ಇದೆಲ್ಲ ಶುರುವಾದದ್ದು ಅವಳ ಅಪ್ಪನಿಂದ. ಆತ ಗೋದಾಮಿನಲ್ಲಿ ಮೂಟೆ ಹೊತ್ತವನು. "ಓದು, ದುಡಿ, ಸುಖವಾಗಿರ್ತೀಯ" ಎಂದು ಮಗಳ ತಲೆ ಸವರುತ್ತಿದ್ದ. ಮಗಳು ಮೊದಲೆರಡನ್ನೂ ಚಾಚೂ ತಪ್ಪದೆ ಮಾಡಿದಳು. ಮೂರನೆಯದು ಯಾವಾಗ ಶುರುವಾಗುತ್ತದೆಂದು ಅಪ್ಪನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಟಿಕೆಟ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಮೈಕಿನವರಿಗೆ ಗಂಟಲು ಕಟ್ಟಿ, ಬದಲಿಗೆ ಇವಳನ್ನು ಕೂರಿಸಿದರು. ಅವತ್ತು ಅವಳಿಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಯಾರೋ ಅಂದರು, "ಬರೀ ದನಿ ಇದ್ರೆ ಸಾಕೇನಮ್ಮಾ? ಮೇಲಿನ ಮಹಡಿಯ ಕುರ್ಚಿಗೆ ಪದವಿ ಬೇಕು." ಆ ಮಾತು ಅವಳ ತಲೆಗೆ ಹೊಕ್ಕಿತು ನೋಡಿ, ಮತ್ತೆ ಇಳಿಯಲೇ ಇಲ್ಲ.

ಅಂಚೆಯಲ್ಲಿ ಓದಿ ಒಂದು ಪದವಿ ಮುಗಿಸಿದಳು. ಅದರ ಮೇಲೆ ಇನ್ನೊಂದು. ಆಮೇಲೆ ಲೆಕ್ಕಪತ್ರದ ಸರ್ಟಿಫಿಕೇಟು, ಈಗ ಇಲಾಖೆಯ ಪರೀಕ್ಷೆ. ಪ್ರತಿ ಸಲವೂ ಅದೇ ಮಾತು: "ಇದೊಂದು ಮುಗೀಲಿ. ಆಮೇಲೆ ಎಲ್ಲರೂ ಸಮುದ್ರ ನೋಡೋಕೆ ಹೋಗೋಣ." ದಿನಾ ಮೈಕಿನಲ್ಲಿ ಸಮುದ್ರ ದಂಡೆಯ ಬಸ್ಸನ್ನು ಕರೆದು ಕರೆದು ಕಳಿಸುತ್ತಿದ್ದವಳು ಒಂದು ದಿನವೂ ಅದನ್ನು ಹತ್ತಿರಲಿಲ್ಲ. ಗಂಡ ಬೆನ್ನ ಹಿಂದೆ ಅವಳಿಗೆ "ಇದೊಂದು ಮುಗೀಲಿ" ಎಂದೇ ಹೆಸರಿಟ್ಟಿದ್ದ. ಪಿಸುಮಾತಿನಲ್ಲೇ ಅನ್ನಿ.

ಮಗಳು ಪುಟ್ಟಿ ಒಂದು ಸಂಜೆ ಶಾಲೆಯಿಂದ ಬಂದು ಟವೆಲ್ ಬೀಸಿದಳು. ಅಮ್ಮ ಬೆರಳೆತ್ತಿದಳು. ಪುಟ ಮುಗಿಯಿತು.

"ಅಮ್ಮ, ನಾಟಕದಲ್ಲಿ ನಾನು ಮರ."

"ಮರಾನಾ? ಒಳ್ಳೇದಾಯ್ತು ಬಿಡು," ಎಂದು ಅಮ್ಮ ಮುಂದಿನ ಪುಟ ತಿರುಗಿಸಿದಳು.

"ನಂಗೆ ಡಂಗುರ ಸಾರೋಳು ಆಗ್ಬೇಕಿತ್ತು. ಟೀಚರ್ ಸಭಾಂಗಣದ ಕೊನೇ ಗೋಡೆ ಹತ್ರ ನಿಂತ್ಕೊಂಡು, ಇಲ್ಲೀವರೆಗೂ ಕೇಳಿಸಿದ್ರೆ ನೀನೇ ಅಂದ್ರು. ಅವರಿಗೆ ಕೇಳಿಸ್ಲಿಲ್ಲ. ಎಲ್ಲರೂ ನನ್ನ ಪಿಸಿಪಿಸಿ ಅಂತಾರೆ."

ಅಮ್ಮನಿಗೆ ಅರ್ಧ ಕೇಳಿಸಿತು, ಅರ್ಧ ಗೈಡಿನೊಳಗೆ ಹೋಯಿತು. "ಆಮೇಲೆ ಮಾತಾಡೋಣ ಪುಟ್ಟಿ. ಇದೊಂದು ಮುಗೀಲಿ." ಪರೀಕ್ಷೆ ಹತ್ತಿರ ಬಂದಿತ್ತು.

ಅದಾದ ಕೆಲವೇ ದಿನಗಳಿಗೆ ಬೆಂಕಿ ಬಿತ್ತು.

ಗಾಬರಿಯಾಗಬೇಡಿ, ದೊಡ್ಡ ಬೆಂಕಿಯೇನಲ್ಲ. ಗಂಡ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಒಲೆಯ ಮೇಲೆ ಹಾಲಿಟ್ಟಿತ್ತು. ಪಕ್ಕದಲ್ಲಿ ತೂಗುಹಾಕಿದ್ದ ಪಾತ್ರೆ ಒರೆಸುವ ಬಟ್ಟೆಯ ತುದಿಗೆ ಉರಿ ಹತ್ತಿಕೊಂಡಿತು. ಪುಟ್ಟಿ ನೋಡಿದಳು. ಓಡಿ ಬಂದಳು. ಬೇರೆ ಯಾವ ಮನೆಯ ಮಗುವಾದರೂ ಆಕಾಶ ಭೂಮಿ ಒಂದಾಗುವಂತೆ ಕಿರುಚುತ್ತಿತ್ತು. ಈ ಮನೆಯ ಮಗು ಮೊಳೆಯಿಂದ ಟವೆಲ್ ತೆಗೆದು, ಅಮ್ಮನ ಎಡಗಡೆ ನಿಂತು, ಬೀಸಿತು.

ಅಮ್ಮ ತಲೆಯೆತ್ತದೆ ಬೆರಳೆತ್ತಿದಳು.

ಪುಟ್ಟಿ ಕಾದಳು. ಕಣ್ಣಲ್ಲಿ ನೀರು, ಕೈಯಲ್ಲಿ ಟವೆಲ್. ಮೈಕಮ್ಮ ಪುಟದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕುರ್ಚಿ ಉರುಳಿಸಿಕೊಂಡು ಓಡಿದವಳು ಬಕೆಟ್ಟಿನ ನೀರನ್ನೆಲ್ಲ ಎತ್ತಿ ಸುರಿದಳು. ಬಟ್ಟೆ ಬೂದಿಯಾಗಿತ್ತು, ಮರದ ಹಲಗೆಯ ಅಂಚು ಕಪ್ಪಾಗಿತ್ತು, ಹಾಲು ಉಕ್ಕಿ ನೆಲಕ್ಕೆ ಹರಿದಿತ್ತು. ಅಷ್ಟೇ. ಅವಳು ಮಗಳನ್ನು ಬಾಚಿ ತಬ್ಬಿಕೊಂಡಳು.

"ಯಾಕೇ ಕೂಗ್ಲಿಲ್ಲ?" ಎಂದು ಕೇಳಿದಳು. ಅದನ್ನೂ ಪಿಸುಮಾತಿನಲ್ಲೇ ಕೇಳಿದಳು ನೋಡಿ!

"ನೀನು ಬೆರಳು ತೋರಿಸಿದ್ಯಲ್ಲಮ್ಮ. ಪುಟ ಮುಗೀಲಿ ಅಂತ ಕಾದೆ."

ಮರುದಿನ ಮೈಕಮ್ಮ ಮೈಕಿನ ಮುಂದೆ ಕೂತಾಗಲೂ ಆ ಮಾತೇ ಕಿವಿಯಲ್ಲಿ. ಊರಿಗೆಲ್ಲ ಕೇಳುವ ಹಾಗೆ ಕೂಗುವವಳ ಮಗಳಿಗೆ ಬೆಂಕಿ ಬಿದ್ದರೂ ಕೂಗಲು ಬಾರದು. ಇದಕ್ಕಿಂತ ನಾಚಿಕೆ ಇನ್ನೇನಿದೆ? ಊಟದ ಬಿಡುವಿನಲ್ಲಿ ಶಾಲೆಗೆ ಓಡಿ ಟೀಚರನ್ನು ಕಂಡಳು.

"ಮೊದಲು ಗಂಟಲಿನ ಡಾಕ್ಟರಿಗೆ ತೋರ್ಸಿ," ಎಂದರು ಟೀಚರ್. "ಡಂಗುರದ ಪಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ. ಮುಂದಿನ ವಾರ ಇನ್ನೊಂದು ಸಲ ಕೇಳ್ತೀನಿ. ಅವಳಿಗೆ ಆ ಪಾತ್ರದ ಮೇಲೆ ಎಷ್ಟು ಆಸೆ ಇದೆ ಗೊತ್ತಾ? ಪೂರ್ತಿ ನಾಟಕ ಬಾಯಿಪಾಠ ಬರುತ್ತೆ. ಕೇಳಿಸೋದೊಂದು ಇಲ್ಲ."

ಸರಿ, ಇಡೀ ಸಂಸಾರವೇ ಡಾಕ್ಟರ ಹತ್ತಿರ ಹೊರಟಿತು. ಅತ್ತೆಯನ್ನೂ ಕರೆದುಕೊಂಡು ಹೋದರು. ಡಾಕ್ಟರು ಪುಟ್ಟಿಯ ಗಂಟಲಿಗೆ ಬೆಳಕು ಬಿಟ್ಟು ನೋಡಿದರು. "ಆ ಅನ್ನು ಮರಿ." ಪುಟ್ಟಿ ಉಸಿರಲ್ಲೇ ಆ ಎಂದಳು. "ಎಷ್ಟು ದಿನದಿಂದ ಹೀಗೆ?" ಮೈಕಮ್ಮ ಪಿಸುಗುಟ್ಟಿದಳು: "ಮೊದಲಿಂದಾನೂ ಹೀಗೇ ಡಾಕ್ಟ್ರೇ." ದರ್ಜಿ ಮುಂದೆ ಬಾಗಿ ಪಿಸುಗುಟ್ಟಿದ: "ಊಟ ತಿಂಡಿ ಎಲ್ಲ ಸರಿಯಾಗೇ ಮಾಡ್ತಾಳೆ." ಅತ್ತೆ ಎಲ್ಲರ ತುಟಿ ನೋಡಿ, "ಹೌದೌದು," ಎಂದು ತಾವೂ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಡಾಕ್ಟರಿಗೂ ಅಂಟಿಕೊಂಡಿತು. "ನೆಗಡಿ, ಕೆಮ್ಮು ಏನಾದ್ರೂ?" ಎಂದು ಅವರೂ ಪಿಸುಗುಟ್ಟಲು ಶುರುಮಾಡಿದರು.

ಬಾಗಿಲು ಮೆಲ್ಲಗೆ ಸರಿಯಿತು. ನರ್ಸಮ್ಮ ತಲೆ ಒಳಗೆ ಹಾಕಿ, ಮುಖ ಸಣ್ಣದು ಮಾಡಿಕೊಂಡು, "ಯಾರಾದ್ರೂ ಹೋಗ್ಬಿಟ್ರಾ ಸಾರ್?" ಎಂದು ಕೇಳಿದರು.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಮೈಕಮ್ಮನ ಎದೆಯ ಮೇಲಿನ ನಿಲ್ದಾಣದ ಬಿಲ್ಲೆಯನ್ನು ಆಗ ನೋಡಿದರು. "ನೀವು ಮೈಕಮ್ಮ ಅಲ್ವೇನ್ರೀ? ನಿಮ್ಮ ದನಿ ಕೇಳಿಕೊಂಡೇ ನಾನು ದಿನಾ ಬಸ್ ಹತ್ತೋದು. ಮಗೂ ಗಂಟಲು ಗಟ್ಟಿಮುಟ್ಟಾಗಿದೆ. ಕಾಯಿಲೆ ಬಂದಿರೋದು ಮನೆಗೆ. ಔಷಧಿ ಏನೂ ಬೇಡ. ಹೋಗಿ, ಗಲಾಟೆ ಮಾಡಿ."

ಗಲಾಟೆ ಮಾಡಿ ಅಂದರೆ ಮಾಡಲು ಬರುತ್ತದೆಯೇ? ಮನೆಗೆ ಬಂದು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ದರ್ಜಿ ಒಮ್ಮೆ ಕೆಮ್ಮಿ, "ಕ್ಷಮಿಸು," ಎಂದು ಪಿಸುಗುಟ್ಟಿದ. ಮೈಕಮ್ಮ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪದವಿ ಪತ್ರಗಳನ್ನು ನೋಡಿದಳು.

"ರೀ, ಆ ಎರಡನೇದು ಬಂದ ದಿನ ನಾವೇನು ಮಾಡಿದ್ವಿ?"

ದರ್ಜಿ ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿ ಯೋಚಿಸಿದ. "ನೀನು ಹೊಸ ಪುಸ್ತಕಕ್ಕೆ ಬೈಂಡು ಹಾಕ್ತಾ ಕೂತಿದ್ದೆ."

"ಖುಷಿ ಪಡ್ಲಿಲ್ವಾ?"

"ಪಡೋಣ ಅಂತಿದ್ವಿ. ನೀನೇ ಹೇಳಿದ್ದೆ, ಇದೊಂದು ಮುಗೀಲಿ ಅಂತ."

ಅವನು ಕುಟುಕಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ನಾಟಿತು. ಯಾರ ಸುಖಕ್ಕೆಂದು ಇಷ್ಟು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಓದಿದಳೋ, ಅವರ ಬಾಯನ್ನೇ ಹೊಲಿದುಬಿಟ್ಟಿದ್ದಳು. ಅವಳಿಗೆ ಅಳು ಬಂತು. ಅತ್ತದ್ದೂ ಸದ್ದಿಲ್ಲದೆ. ಅಭ್ಯಾಸ ಅಲ್ಲವೇ?

ಕಣ್ಣೊರೆಸಿಕೊಂಡು ಎದ್ದು, ಗೈಡು ಮುಚ್ಚಿ, "ನಾಳೆ ಸಮುದ್ರಕ್ಕೆ ಹೋಗೋಣ," ಎಂದಳು.

ದರ್ಜಿಗೆ ನಂಬಿಕೆಯೇ ಬರಲಿಲ್ಲ. "ಪರೀಕ್ಷೆ?"

"ಪರೀಕ್ಷೆಗೇನು ಕಾಲಿದ್ಯಾ, ಓಡಿಹೋಗೋಕೆ? ಹೊರಡಿ ಅಂದ್ರೆ ಹೊರಡಿ."

ಬೆಳಿಗ್ಗೆ ಮೂರನೇ ಪ್ಲಾಟ್‌ಫಾರಂನಲ್ಲಿ ಮೈಕಮ್ಮ ಬುತ್ತಿ ಚೀಲದೊಂದಿಗೆ ಸಮುದ್ರ ದಂಡೆಯ ಬಸ್ ಹತ್ತಿದ್ದನ್ನು ಮೈಕಿನ ಕೋಣೆಯಲ್ಲಿದ್ದ ಬದಲಿ ಹುಡುಗಿ ಗಾಜಿನಿಂದ ನೋಡಿಬಿಟ್ಟಳು. ಬಿಡುತ್ತಾಳೆಯೇ? "ಪ್ರಯಾಣಿಕರ ಗಮನಕ್ಕೆ. ಸಮುದ್ರ ದಂಡೆಗೆ ಹೋಗುವ ಬಸ್ಸಿನಲ್ಲಿ ಇವತ್ತು ನಮ್ಮ ಮೈಕಮ್ಮ ಹೋಗ್ತಿದ್ದಾರೆ. ಡ್ರೈವರ್ ಅಣ್ಣಾ, ಗುಂಡಿ ನೋಡ್ಕೊಂಡು ಓಡಿಸಿ!" ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು. ಮೈಕಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಮುದ್ರ ಎಂದರೆ ಬರೀ ನೀರು ಎಂದುಕೊಂಡಿದ್ದರು. ಅದರ ಸದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮರಳಿನಲ್ಲಿ ಕಾಲು ಹೂತುಹೋಗುತ್ತದೆಂದು ಅತ್ತೆ ಮೇಲೆ ರಸ್ತೆಯ ಚಹಾದಂಗಡಿಯ ಬೆಂಚಿನಲ್ಲೇ ಉಳಿದರು. ಮೂವರೂ ನೀರಿನ ಅಂಚಿಗೆ ಇಳಿದರು. ಅಲೆಗಳ ಅಬ್ಬರಕ್ಕೆ ಪಿಸುಮಾತು ಬಾಯಿಂದ ಹೊರಬರುವ ಮುಂಚೆಯೇ ಕೊಚ್ಚಿಹೋಗುತ್ತಿತ್ತು. "ಏನು?" "ಆಂ?" "ಏನಂದೆ?" ಅತ್ತೆಗೆ ಇಷ್ಟು ವರ್ಷ ಹೇಗನಿಸಿರಬಹುದೆಂದು ಮೈಕಮ್ಮನಿಗೆ ಅಲ್ಲಿ ಗೊತ್ತಾಯಿತು.

ದರ್ಜಿ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಯ್ತೆರೆದು ನೋಡುತ್ತಿದ್ದ. ಒಂದು ಅಲೆ ಬಂತು, ಅವನ ಚಪ್ಪಲಿಯನ್ನು ಮೆಲ್ಲಗೆ ಎತ್ತಿಕೊಂಡು ಹೊರಟಿತು. ಪುಟ್ಟಿ ನೋಡಿದಳು. ಕೈ ಬೀಸಿದಳು. ಯಾರೂ ಇತ್ತ ನೋಡಲಿಲ್ಲ. ಕೈ ಟವೆಲ್ ಹುಡುಕಿತು, ಟವೆಲ್ ಚೀಲದಲ್ಲಿತ್ತು, ಚೀಲ ದೂರದಲ್ಲಿತ್ತು. ಚಪ್ಪಲಿ ಹೊರಟೇಹೋಗುತ್ತಿತ್ತು.

"ಅಪ್ಪಾ! ಚಪ್ಲೀ!"

ದರ್ಜಿ ಬೆಚ್ಚಿ ತಿರುಗಿದ. ಚಪ್ಪಲಿಯ ಹಿಂದೆ ಬಿದ್ದ, ಎಡವಿದ, ಮುಳುಗಿದ, ಎದ್ದ. ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು ಮೇಲೆ ಬಂದವನು ಮಗಳನ್ನೇ ದಿಟ್ಟಿಸಿದ. "ಈಗ ಕೂಗಿದ್ದು ಯಾರು?"

"ನಾನೇ!" ಎಂದು ಪುಟ್ಟಿ ಮತ್ತೆ ಕೂಗಿದಳು. ತನ್ನ ದನಿಗೆ ತಾನೇ ಬೆರಗಾಗಿ ಬಾಯಿ ಮುಚ್ಚಿಕೊಂಡಳು.

"ಕೈ ತೆಗಿಯೇ!" ಎಂದಳು ಮೈಕಮ್ಮ. ಮೈಕಿಲ್ಲದೆ, ಗಾಜಿಲ್ಲದೆ, ಗಂಟಲು ಹರಿಯುವ ಹಾಗೆ. "ಕೂಗು! ಇಲ್ಲಿ ಯಾರೂ ಓದ್ತಿಲ್ಲ!" ಆಮೇಲೆ ಆ ಮೂವರೂ ಸೇರಿ ಕೂಗಿದ್ದೇ ಕೂಗಿದ್ದು. ಹೋದ ಚಪ್ಪಲಿಗೆ ಬೈದರು, ಅಲೆಗೆ ಬೈದರು, ಬಸ್ಸುಗಳನ್ನು ಕರೆದರು. ದರ್ಜಿಯ ದನಿ ಇಷ್ಟು ಗಡುಸೆಂದು ಹೆಂಡತಿಗೆ ಮದುವೆಯಾದ ಹೊಸತರಲ್ಲಿ ಗೊತ್ತಿತ್ತು, ಮರೆತುಹೋಗಿತ್ತು. ಒದ್ದೆ ಪ್ಯಾಂಟು, ಒಂದೇ ಚಪ್ಪಲಿ, ಬಾಯ್ತುಂಬ ನಗು. ಅವನನ್ನು ನೋಡುತ್ತ, ಅಪ್ಪ ಹೇಳಿದ ಮೂರನೆಯದು ಇದೇ ಇರಬೇಕು ಎಂದುಕೊಂಡಳು ಅವಳು. ಎಂದೋ ತನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದಿರಬೇಕು. ತಾನೇ ಅದಕ್ಕೂ ಬೆರಳು ತೋರಿಸಿ ಕಾಯಿಸಿದ್ದಳು.

ಮುಂದಿನ ವಾರ ಪುಟ್ಟಿಯ ಕೂಗು ಸಭಾಂಗಣದ ಕೊನೇ ಗೋಡೆಯವರೆಗೂ ಮುಟ್ಟಿತು. "ಅಡ್ಡಿಯಿಲ್ಲ, ಆದರೆ ಜನ ತುಂಬಿದಾಗ ಇನ್ನೂ ಜೋರು ಬೇಕು," ಎಂದರು ಟೀಚರ್. ಪಾತ್ರ ಸಿಕ್ಕಿತು.

ಅದೇ ದಿನ ನಿಲ್ದಾಣದ ಮೇಲ್ವಿಚಾರಕರು ಮೈಕಿನ ಕೋಣೆಗೆ ಬಂದು, "ಹಾಲ್ ಟಿಕೆಟ್ ಬಂದಿದೆಯಮ್ಮ. ಇದೊಂದು ಪಾಸಾದ್ರೆ ಮೇಲಿನ ಕುರ್ಚಿ ನಿಮ್ದೇ," ಎಂದರು.

"ಸಾರ್, ಆ ಕುರ್ಚಿ ಮುಂದೆ ಮೈಕ್ ಇರುತ್ತಾ?"

"ಮೈಕ್ ಯಾಕಮ್ಮ? ಫೈಲು ಇರುತ್ತೆ."

"ಹಾಗಾದ್ರೆ ಫೈಲು ಇಷ್ಟ ಇರೋರಿಗೆ ಸಿಗ್ಲಿ ಬಿಡಿ ಸಾರ್. ನಂಗೆ ಇದೇ ಇಷ್ಟ," ಎಂದಳು. ಹೇಳಿದಮೇಲೆ ತಾನು ಹೇಳಿದ್ದು ನಿಜವೇ ಎಂದು ಒಂದು ಕ್ಷಣ ತನ್ನನ್ನೇ ಕೇಳಿಕೊಂಡಳು. ನಿಜವೇ ಆಗಿತ್ತು. ಖುಷಿಯಿಂದ ಮೈಕಿನ ಗುಂಡಿ ಒತ್ತಿ, ಇನ್ನೂ ಬಾರದ ಬಸ್ಸನ್ನು ಬಂತೆಂದು ಸಾರಿಬಿಟ್ಟಳು. ಜನ ಎದ್ದು ಓಡಿದರು. ಆಮೇಲೆ ಕ್ಷಮೆ ಕೇಳಿದ್ದೂ ನಗುತ್ತಲೇ.

ಸಂಜೆ ದರ್ಜಿ ಮಗಳ ವೇಷ ಹೊಲಿಯುತ್ತಿದ್ದ. ಹೆಂಡತಿ ಮನೆಯಲ್ಲಿರುವಾಗಲೇ ಮೆಷಿನ್ ಟಕಟಕ ಎನ್ನುತ್ತಿತ್ತು. ಮೊದಲ ಹೊಲಿಗೆಗೆ ಅಭ್ಯಾಸಬಲದಿಂದ ಅವಳ ಕಡೆ ಹೆದರಿ ನೋಡಿದ. ಅವಳು, "ತುಳೀರಿ, ತುಳೀರಿ," ಎಂದಳು. ಕಾಲರು, ತೋಳು ಎಲ್ಲ ಆಯಿತು. ಡಂಗುರದವಳ ಉದ್ದ ಟೋಪಿ ಮಾತ್ರ ನೆಟ್ಟಗೆ ನಿಲ್ಲಲೊಲ್ಲದು.

"ಒಳಗೆ ಕೊಡೋಕೆ ಗಟ್ಟಿ ರಟ್ಟು ಬೇಕಿತ್ತು," ಎಂದ.

ಮೈಕಮ್ಮ ಎದ್ದಳು. ಮೇಜಿನ ಮೇಲಿನ ಗೈಡನ್ನು ಎತ್ತಿಕೊಂಡು ಒಂದು ಗಳಿಗೆ ಎದೆಗೊತ್ತಿ ಹಿಡಿದಳು. ಎಷ್ಟಾದರೂ ಅದೂ ಅವಳ ಬೆವರೇ. ಆಮೇಲೆ ಚರ್ರನೆ ಅದರ ರಟ್ಟು ಕಿತ್ತು ಗಂಡನ ಕೈಗೆ ಕೊಟ್ಟಳು.

ನಾಟಕದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಡವಾಗಿ ಬಂದ ಇವರಿಗೆ ಸಿಕ್ಕಿದ್ದು ಹಿಂದಿನ ಸಾಲು. ಮಕ್ಕಳು ಅಳುವುದೇನು, ಕುರ್ಚಿಗಳು ಕಿರುಗುಟ್ಟುವುದೇನು! ಪರದೆ ಸರಿಯಿತು. ಉದ್ದ ಟೋಪಿ, ಕೊರಳಲ್ಲಿ ಡಂಗುರ, ಪುಟ್ಟಿ ಬಂದು ನಡುವೆ ನಿಂತಳು. ಅಷ್ಟು ಜನರನ್ನು ನೋಡಿ ಅವಳ ಮುಖ ಬಿಳಿಚಿತು. ತುಟಿ ಆಡಿತು, ದನಿ ಹೊರಡಲಿಲ್ಲ. ಹಳೆಯ ಪಿಸುಮಾತು ಅವಳ ಗಂಟಲಿಗೆ ಬಂದು ಕೂತಿತ್ತು. ಮುಂದಿನ ಸಾಲಿನಲ್ಲಿ ಯಾರೋ, "ಪಿಸಿಪಿಸಿ!" ಎಂದರು. ನಗು ಎದ್ದಿತು.

ಕೂಗಿ ಹೇಳಿಕೊಡಲೇ ಎಂದು ಮೈಕಮ್ಮನ ನಾಲಿಗೆಯ ತುದಿಗೆ ಬಂತು. ಬೇಡ, ಅವಳ ಕೂಗು ಅವಳದೇ ಆಗಲಿ. ಚೀಲಕ್ಕೆ ಕೈ ಹಾಕಿದಳು. ಕುರ್ಚಿಯ ಮೇಲೆ ಹತ್ತಿ ನಿಂತು, ಆ ಹಳದಿ ಟವೆಲನ್ನು ತಲೆಯ ಮೇಲೆ ಗಿರಗಿರ ಬೀಸಿದಳು.

ಪುಟ್ಟಿ ನೋಡಿದಳು. ಅಮ್ಮ ಬೆರಳೆತ್ತುತ್ತಿಲ್ಲ. ಅಮ್ಮ ಕಾಯುತ್ತಿದ್ದಾಳೆ. ತನಗಾಗಿ!

ಡಂಗುರ ಢಂಢಂ ಎಂದಿತು.

"ಕೇಳಿರಪ್ಪೋ ಕೇಳಿ! ಮಹಾರಾಜರ ಅಪ್ಪಣೆ! ನಾಳೆ ಊರಿಗೆಲ್ಲಾ ರಜಾ! ಯಾರೂ ದುಡಿಯೋ ಹಾಗಿಲ್ಲಾ! ಯಾರೂ ಓದೋ ಹಾಗಿಲ್ಲಾ!"

ಖಣಖಣ! ಕಿಟಕಿಯ ಗಾಜು ಝಲ್ಲೆಂದಿತು. ಅಳುತ್ತಿದ್ದ ಕೂಸು ಅಳು ನಿಲ್ಲಿಸಿತು. ಪಿಸಿಪಿಸಿ ಎಂದವರು ಬಾಯಿ ಮುಚ್ಚಿದರು. ಒಂದು ಗಳಿಗೆ ಎಲ್ಲ ಗಪ್‌ಚುಪ್. ಆ ಮೌನದಲ್ಲಿ ಹಿಂದಿನ ಸಾಲಿನಿಂದ ಒಂದು ಮುದಿ ದನಿ ಎದ್ದಿತು.

"ಅಯ್ಯೋ! ಇದು ನಮ್ಮ ಪುಟ್ಟೀದಾ? ನಂಗೆ ಕೇಳಿಸ್ತು ಕಣೇ! ನಂಗೂ ಕೇಳಿಸ್ತು! ಥೇಟ್ ನಿನ್ನ ದನೀನೇ ಕಣೇ!"

ಅತ್ತೆ ಎದ್ದು ನಿಂತಿದ್ದರು. ಕೆನ್ನೆಯ ಮೇಲೆ ನೀರು ಧಾರಾಕಾರ. ಅಕ್ಕಪಕ್ಕದವರು ತಿರುಗಿ ನೋಡಿದರು. ದರ್ಜಿಯ ಬೆರಳು ಅಭ್ಯಾಸಬಲದಿಂದ ತುಟಿಯವರೆಗೆ ಹೋಗಿತ್ತು, ಅದನ್ನು ಅಲ್ಲಿಂದ ತೆಗೆದು ಅವನು ಕಣ್ಣೊರೆಸಿಕೊಂಡ.

"ಹೌದು ಅತ್ತೇ, ಅವಳದೇ!" ಎಂದು ಮೈಕಮ್ಮ ಕುರ್ಚಿಯ ಮೇಲಿಂದಲೇ ಕೂಗಿದಳು.

ವೇದಿಕೆಯ ಮೇಲೆ ಡಂಗುರದವಳಿಗೆ ನಾಟಕ ಮರೆತೇಹೋಯಿತು. ರಾಜ ಬಂದು ಕಾಯುತ್ತ ನಿಂತಿದ್ದ. ಅವನ ಕಡೆ ಅವಳು ಒಂದು ಬೆರಳೆತ್ತಿ, ಟೋಪಿ ಹಿಂದಕ್ಕೆ ಸರಿಸಿಕೊಂಡು, ಎದೆತುಂಬ ಉಸಿರೆಳೆದಳು.

"ಅಜ್ಜೀ! ಇನ್ನೊಂದ್ಸಲ ಹೇಳ್ಲಾ?"

"ಹೇಳೇ ನನ್ನವ್ವಾ, ಹೇಳು!"